ಚಾಲೂ ಗ್ರೈಂಡರ್

ಮೋನಪ್ಪನ ಜೊತೆ ಅಂಗಡಿಗೆ ಹೋಗುವುದೆಂದರೆ ಅವನ ಹೆಂಡತಿ ಪುಷ್ಪಾವತಿಗೆ ಎಲ್ಲಿಲ್ಲದ ತಲೆನೋವು. ಕೊಡೆ ಕೊಳ್ಳುವುದಿದ್ದರೆ ಅಂಗಡಿಯವನ ನಲ್ಲಿಯ ಕೆಳಗೇ ಬಿಡಿಸಿ ನೋಡಬೇಕು. ಚಪ್ಪಲಿಯಾದರೆ ಹೊಸದನ್ನು ಹಾಕಿಕೊಂಡು ಮಾರ್ಕೆಟ್ಟಿನ ಆ ತುದಿಯವರೆಗೆ ನಡೆದು ಬರಬೇಕು. ಅಷ್ಟು ಹೊತ್ತು ಅವಳು ಗಂಡನ ಹಳೇ ಚಪ್ಪಲಿಗೆ ಕಾವಲಾಗಿ ಅಂಗಡಿಯಲ್ಲೇ ಕೂತಿರಬೇಕು. ಒಮ್ಮೆ ಕುಕ್ಕರ್ ಕೊಳ್ಳಲು ಮನೆಯಿಂದ ತೊಗರಿಬೇಳೆ ಕಟ್ಟಿಕೊಂಡು ಹೋದ ಮೇಲೆ, ಇನ್ನು ನಿಮ್ಮ ಜೊತೆ ಬರುವವಳು ನಾನಲ್ಲ ಎಂದು ಕೈಮುಗಿದುಬಿಟ್ಟಳು.

ಮೋನಪ್ಪನಿಗೆ ಇದರಲ್ಲಿ ನಾಚಿಕೆಯೇನೂ ಇರಲಿಲ್ಲ. ಬಂಟ್ವಾಳದ ಕಡೆಯ ಈ ಮನುಷ್ಯ ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಊರಿನವರ ಹೋಟೆಲಿನಲ್ಲಿ ಪ್ಲೇಟು ತೊಳೆದು, ಆಮೇಲೆ ದೋಸೆ ಕಾವಲಿಯ ಮುಂದೆ ಬೆವರು ಸುರಿಸಿ, ಅಂತೂ ಇಂತೂ ರೋಹಿಣಿ ಬಡಾವಣೆಯಲ್ಲಿ ಎಂಟು ಮೇಜಿನ ಸ್ವಂತ ಹೋಟೆಲು ತೆರೆದಿದ್ದ. ಕೈ ಸುಟ್ಟುಕೊಂಡು ಗಳಿಸಿದ ದುಡ್ಡನ್ನು ಕಣ್ಣುಮುಚ್ಚಿ ಕೊಡಲು ನಾನೇನು ಮಂತ್ರಿಯೋ ಎಂದು ಎಲ್ಲರನ್ನೂ ಕೇಳುತ್ತಿದ್ದ.

ಇಂಥವನ ಹಿಟ್ಟು ರುಬ್ಬುವ ಗ್ರೈಂಡರ್ 2006ರ ಜೂನ್ ತಿಂಗಳಲ್ಲಿ, ಸುಡುಬಿಸಿಲಿನ ನಡುವೆ, ಹೊಗೆ ಬಿಟ್ಟು ನಿಂತುಹೋಯಿತು. ಹದಿನಾಲ್ಕು ವರ್ಷ ದುಡಿದಿತ್ತು ಪಾಪ. ಬಿಚ್ಚಿ ನೋಡಿದ ಮೆಕ್ಯಾನಿಕ್, ಇದಕ್ಕೆ ಇನ್ನು ದುಡ್ಡು ಸುರಿಯಬೇಡಿ ಎಂದ. ಮೋನಪ್ಪ ಪರಿಚಯದ ಹೋಟೆಲೊಂದರಿಂದ ಹಿಟ್ಟು ತರಿಸತೊಡಗಿದ. ಎರಡೇ ದಿನದಲ್ಲಿ ದಿನವೂ ಬರುವ ಬ್ಯಾಂಕಿನವರೊಬ್ಬರು ಇಡ್ಲಿಯನ್ನು ಅರ್ಧ ತಿಂದು ಎದ್ದುಹೋದರು.

ಅಂಚೆ ಕಚೇರಿಯ ಖಾತೆಯಲ್ಲಿ ಅರವತ್ತೈದು ಸಾವಿರವಿತ್ತು. ಅದರಲ್ಲಿ ಮೂವತ್ತು ಸಾವಿರ ಮಗಳು ರಶ್ಮಿತಾಳದು. ಅವಳಿಗೆ ಫಿಸಿಯೋಥೆರಪಿ ಓದಲು ಸೀಟು ಸಿಕ್ಕಿತ್ತು, ಫೀಸು ಕಟ್ಟಲು ಸೋಮವಾರ ಕೊನೆಯ ದಿನ. ಅದನ್ನು ಮುಟ್ಟದೆ ಗ್ರೈಂಡರ್ ಬರಬೇಕು. ಬಾರದಿದ್ದರೆ ಹೋಟೆಲು ನಡೆಯುವುದಿಲ್ಲ. ಮುಟ್ಟಿದರೆ ಮಗಳ ಸೀಟು ಹೋಗುತ್ತದೆ. ಮೋನಪ್ಪನಿಗೆ ನಿದ್ದೆಯೇ ಹತ್ತಲಿಲ್ಲ.

ದೆಹಲಿಯ ಇನ್ನೊಂದು ತುದಿಯ ಓಖ್ಲಾದಲ್ಲಿ ಹೋಟೆಲು ಸಾಮಾನು ಮಾರುವ ಸರ್ದಾರ್ಜಿಯೊಬ್ಬರ ನಂಬರು ಯಾರೋ ಕೊಟ್ಟರು. ಫೋನು ಮಾಡಿದರೆ, ನಲವತ್ತು ಲೀಟರಿನವು ಎರಡಿವೆ, ಒಂದು ಚಾಲೂ, ಒಂದು ಬಢಿಯಾ, ಎಂದರು ಅವರು. ಚಾಲೂವಿಗೆ ಮೂವತ್ತನಾಲ್ಕು ಸಾವಿರ, ಬಢಿಯಾಕ್ಕೆ ಐವತ್ತೆಂಟು. ಮೋನಪ್ಪನಿಗೆ ಹೋದ ಜೀವ ಬಂದಂತಾಯಿತು. ಅವನ ಹಿಂದಿ ತರಕಾರಿ, ಗ್ಯಾಸು, ಬಿಲ್ಲು, ಜಗಳ ಇಷ್ಟರೊಳಗೆ ಸಲೀಸಾಗಿ ಓಡಾಡುವ ಹಿಂದಿ. ಚಾಲೂ ಎಂದರೆ ನಮ್ಮ ಚಾಲೂವೇ ತಾನೇ, ಸ್ವಿಚ್ ಹಾಕಿದರೆ ತಿರುಗುತ್ತದೆ, ಇನ್ನೇನು ಬೇಕು? ಬಢಿಯಾ ಎಂದರೆ ಮೇಲೆ ಬಣ್ಣ ಗಿಣ್ಣ ಬಳಿದಿರಬೇಕು, ಬಣ್ಣಕ್ಕೆ ಇಪ್ಪತ್ತನಾಲ್ಕು ಸಾವಿರ ಹೆಚ್ಚು ಕೊಡುವ ಮಂಗ ನಾನಲ್ಲ ಎಂದು ಪುಷ್ಪಾವತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡ. ನಲವತ್ತು ಲೀಟರ್ ನಮಗೇಕೆ ಎಂದು ಅವಳು ಕೇಳಿದ್ದಕ್ಕೆ, ಪಕ್ಕದ ಸೆಕ್ಟರಿನ ಹೋಟೆಲಿನವರಲ್ಲಿ ಅಷ್ಟು ದೊಡ್ಡದೇ ಇದೆ ಎಂದ.

ಗುರುವಾರ ಬೆಳಿಗ್ಗೆ ನೆನೆಸಿದ ಉದ್ದಿನಬೇಳೆಯನ್ನು ಮುಚ್ಚಳದ ಸ್ಟೀಲ್ ಬಕೆಟ್ಟಿಗೆ ತುಂಬಿ, ಟವೆಲಿನಿಂದ ಬಿಗಿದು ಹೊರಟ. ಯಾವತ್ತೂ ಇಂಥದ್ದಕ್ಕೆಲ್ಲ ಬಾರದ ರಶ್ಮಿತಾ ಆವತ್ತು ನಾನೂ ಬರ್ತೀನಿ ಎಂದು ಚಪ್ಪಲಿ ಮೆಟ್ಟಿದಳು. ಎರಡು ಬಸ್ಸು ಬದಲಿಸಬೇಕಾಯಿತು. ಬಕೆಟ್ಟಿನಲ್ಲಿ ಮೀನಿದೆಯೋ ಎಂದು ಕಂಡಕ್ಟರ್ ಮೂಗು ಮುರಿದ.

ಉದ್ದಿನಬೇಳೆ ನೋಡಿ ಸರ್ದಾರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಬೇಡವೆನ್ನಲಿಲ್ಲ, ತಾವೇ ತಣ್ಣೀರು ತರಿಸಿಕೊಟ್ಟರು. ಮೋನಪ್ಪ ಅರ್ಧ ಬೇಳೆಯನ್ನು ಹಾಕಿ ಸ್ವಿಚ್ ಒತ್ತಿದ. ಹತ್ತು ನಿಮಿಷ ಗ್ರೈಂಡರ್ ಚೆನ್ನಾಗಿಯೇ ತಿರುಗಿತು. ಸಾಕಲ್ಲವೇ ಎಂದರು ಸರ್ದಾರ್ಜಿ. ನಮ್ಮಲ್ಲಿ ಉದ್ದು ರುಬ್ಬಲು ಮುಕ್ಕಾಲು ಗಂಟೆ ಬೇಕು, ಇಲ್ಲೂ ಅಷ್ಟೇ ಹೊತ್ತು ತಿರುಗಲಿ ಎಂದು ಮೋನಪ್ಪ ಸ್ಟೂಲು ಎಳೆದು ಕೂತ. ಇಪ್ಪತ್ತೈದು ನಿಮಿಷಕ್ಕೆ ಮೋಟರಿನಿಂದ ಕಮಟು ವಾಸನೆ ಬಂತು. ಹಿಟ್ಟಿಗೆ ಬೆರಳಿಟ್ಟರೆ ಬೆಚ್ಚಗೆ! ದೆಹಲಿಯ ಜೂನಿನಲ್ಲಿ ಹೀಗೆ ಬಿಸಿಯಾದ ಹಿಟ್ಟು ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ಒಂದು ಲೋಟ ನೀರಿಗೆ ಒಂದು ತೊಟ್ಟು ಹಿಟ್ಟು ಬಿಟ್ಟ. ತೇಲಬೇಕಾದದ್ದು ನೇರ ತಳಕ್ಕೆ ಹೋಗಿ ಕೂತಿತು.

ಮೋನಪ್ಪನಿಗೆ ಪಿತ್ತ ನೆತ್ತಿಗೇರಿತು. ಫೋನಿನಲ್ಲಿ ಚಾಲೂ ಎಂದಿರಿ, ಇದನ್ನು ಚಾಲೂ ಅನ್ನುತ್ತಾರಾ ಎಂದು ತನ್ನ ಜಗಳದ ಹಿಂದಿಯನ್ನೆಲ್ಲ ಹೊರತೆಗೆದ. ಸರ್ದಾರ್ಜಿ ಕಕ್ಕಾಬಿಕ್ಕಿಯಾದರು. ಚಾಲೂ ಅಂತಲೇ ಅಲ್ಲವೇ ನಾನೂ ಹೇಳಿದ್ದು, ಸುಳ್ಳೆಲ್ಲಿ ಹೇಳಿದೆ ಎಂದು ಅವರು ತಿರುಗಿ ಕೇಳಿದರು. ರಶ್ಮಿತಾ ಅಪ್ಪನ ತೋಳು ಹಿಡಿದು ಹೊರಗೆ ಕರೆದೊಯ್ದಳು. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಪಪ್ಪಾ, ಇಲ್ಲಿ ಚಾಲೂ ಮಾಲ್ ಅಂದ್ರೆ ನಡೀತಿರೋದು ಅಂತಲ್ಲ. ಘಟಿಯಾ, ಕಳಪೆ ಅಂತ. ಬಢಿಯಾ ಅಂದ್ರೆ ಒಳ್ಳೇದು. ಅವರು ಪಾಪ ನಿಜಾನೇ ಹೇಳಿದ್ದಾರೆ."

ಮೋನಪ್ಪ ಪೆಚ್ಚಾದ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಚಾಲೂ ಚಾಲೂ ಎನ್ನುತ್ತ ಬದುಕಿದ್ದೇನಲ್ಲ, ನನ್ನ ಸಾಂಬಾರು ಸದಾ ಚಾಲೂ ಎಂದು ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೋ ದೇವರೇ! ಒಳಗೆ ಹೋಗಿ ಸರ್ದಾರ್ಜಿಯ ಕ್ಷಮೆ ಕೇಳಿದ. ಅವರು ಚಹಾ ತರಿಸಿದರು.

ಚಹಾ ಕುಡಿಯುತ್ತಲೇ ಮೋನಪ್ಪ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಉಳಿದದ್ದು ಐವತ್ತೆಂಟು ಸಾವಿರದ ಬಢಿಯಾ. ಅದನ್ನು ಕೊಂಡರೆ ಫೀಸಿಲ್ಲ. ಒಂದು ವರ್ಷ ತಡೆಯುತ್ತೀಯಾ ಮಗಾ ಎಂಬ ಮಾತು ಅವನ ಗಂಟಲಿನವರೆಗೆ ಬಂತು. ಮಗಳ ಮುಖ ನೋಡಿ ಅದನ್ನು ಚಹಾದ ಜೊತೆ ನುಂಗಿಕೊಂಡ.

ಅಷ್ಟರಲ್ಲಿ ರಶ್ಮಿತಾ, ನಾವು ದಿನಕ್ಕೆ ಎಷ್ಟು ನೆನೆಸುತ್ತೇವೆ ಎಂದು ಕೇಳಿದಳು. ಉದ್ದು ಮೂರು ಕಿಲೋ, ಅಕ್ಕಿ ಒಂಬತ್ತು ಎಂದ ಮೋನಪ್ಪ. ಅವನ ನಾಲಿಗೆಯ ತುದಿಯಲ್ಲೇ ಇದ್ದ ಲೆಕ್ಕ ಅದು. ಎರಡನ್ನೂ ಒಟ್ಟಿಗೆ ರುಬ್ಬುತ್ತೀರಾ ಎಂದು ಮತ್ತೆ ಕೇಳಿದಳು. ಒಟ್ಟಿಗೆ ರುಬ್ಬಿದರೆ ಇಡ್ಲಿಯಾಗುತ್ತದಾ ಮಾರಾಯ್ತಿ, ಉದ್ದು ಬೇರೆ, ಅಕ್ಕಿ ಬೇರೆ, ಅಕ್ಕಿಯೂ ಎರಡು ಸಲ ಎಂದು ಹೇಳುತ್ತಿದ್ದವನು ಅಲ್ಲಿಗೇ ನಿಲ್ಲಿಸಿದ. ನಲವತ್ತು ಲೀಟರಿನ ಆ ಹಂಡೆ ತನ್ನ ಹೋಟೆಲಿನಲ್ಲಿ ಒಂದು ದಿನವೂ ಅರ್ಧದ ಮೇಲೆ ತುಂಬುವುದಿಲ್ಲ. ಸುಟ್ಟುಹೋದ ಹಳೆಯದು ಇಪ್ಪತ್ತು ಲೀಟರಿನದೇ ಅಲ್ಲವೇ, ಹದಿನಾಲ್ಕು ವರ್ಷ ಅದೇ ಸಾಕಾಗಿತ್ತು. ಪಕ್ಕದ ಸೆಕ್ಟರಿನವನ ಮೇಲಿನ ಹುರುಡಿಗೆ ತಾನು ಮಗಳ ಸೀಟನ್ನು ಸುರಿಯಲು ಹೊರಟಿದ್ದೆ ಎಂದು ಅವನಿಗೆ ಹೊಳೆಯಿತು.

ಇಪ್ಪತ್ತು ಲೀಟರಿನ ಬಢಿಯಾ ಇದೆಯೇ ಎಂದು ಕೇಳಿದ. ಮೂಲೆಯಲ್ಲಿತ್ತು. ಅದರ ಬೆಲೆ ಮೂವತ್ಮೂರು ಸಾವಿರ. ಬಕೆಟ್ಟಿನಲ್ಲಿ ಉಳಿದಿದ್ದ ಬೇಳೆಯನ್ನು ಅದಕ್ಕೆ ಹಾಕಿ ಮುಕ್ಕಾಲು ಗಂಟೆ ಕಾದರು. ಈ ಸಲ ಸರ್ದಾರ್ಜಿಯೂ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಹಿಟ್ಟು ತಣ್ಣಗೆ, ಬೆಣ್ಣೆಯ ಹಾಗೆ ಉಬ್ಬಿ ಬಂತು. ನೀರಿಗೆ ಬಿಟ್ಟ ತೊಟ್ಟು ತೇಲಿತು. ವಾಹ್ ಎಂದು ಸರ್ದಾರ್ಜಿ ತಾವೇ ಸಾವಿರ ರೂಪಾಯಿ ಇಳಿಸಿದರು, ನಾಳೆ ಟೆಂಪೋದಲ್ಲಿ ಕಳಿಸುತ್ತೇನೆ ಎಂದರು. ಮೋನಪ್ಪನಿಗೆ ಎಷ್ಟು ಹಗುರವೆನಿಸಿತೆಂದರೆ, ಬೀದಿಗೆ ಬಂದವನೇ ಬಿಸಿಲನ್ನೂ ಲೆಕ್ಕಿಸದೆ ಒಂದು ನಿಮಿಷ ಸುಮ್ಮನೆ ನಗುತ್ತ ನಿಂತ.

ಬಸ್ಸಿನಲ್ಲಿ ಅದೃಷ್ಟಕ್ಕೆ ಸೀಟು ಸಿಕ್ಕಿತು. ಹಿಂದಿ ತಿಳಿಯುವ ಮಗಳು ಜೊತೆಗೆ ಬಂದದ್ದು ಒಳ್ಳೆಯದಾಯಿತು ಎಂದು ಅವನು ಹೊಗಳಿದ. ರಶ್ಮಿತಾ ಕಿಟಕಿಯಾಚೆ ನೋಡುತ್ತಿದ್ದಳು.

"ನಾನು ಹಿಂದಿಗೋಸ್ಕರ ಬಂದಿದ್ದಲ್ಲ ಪಪ್ಪಾ. ಮಷೀನ್‌ಗೆ ದುಡ್ಡು ಸಾಲ್ದಿದ್ರೆ ನನ್ನ ಫೀಸ್ ತಗೊಳ್ಳಿ ಅಂತ ಹೇಳೋಕೆ ಬಂದಿದ್ದೆ. ನಿಮ್ಮ ಬಾಯಲ್ಲಿ ಅದು ಬರೋದು ಬೇಡ ಅಂತ."

ಮೋನಪ್ಪ ಖಾಲಿ ಬಕೆಟ್ಟನ್ನು ಕಾಲ ಬಳಿಗೆ ಎಳೆದುಕೊಂಡು ಮಗಳ ಕಡೆ ತಿರುಗಿದ. ಚಹಾದ ಜೊತೆ ನುಂಗಿದ್ದನ್ನು ಈಗ ಕೇಳಿಯೇಬಿಟ್ಟ.

"ನಾನೇ ಕೇಳಿದ್ದರೆ ಹೂಂ ಅಂತಿದ್ದೆಯಾ?"

"ಹೂಂ ಅಂತಿದ್ದೆ. ಮನೆಗೆ ಹೋಗಿ ಅಳ್ತಿದ್ದೆ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಬೆವರೇ ಎಂದು ಮಗಳು ನಂಬಲಿ ಎಂಬಂತೆ ಎರಡು ಸಲ ಒರೆಸಿದ.

"ಸೋಮವಾರದವರೆಗೆ ಕಾಯುವುದು ಬೇಡ ಮಗಾ," ಎಂದ. "ನಾಳೆ ಬೆಳಿಗ್ಗೆಯೇ ಹೋಗಿ ಕಟ್ಟಿ ಬರುವಾ."