ಮೂಲೆಯ ಜೋಳ ತೆನೆ ಹಿಡಿದ ವರ್ಷ

ಬೆಳಿಗ್ಗೆ ಕಸ ಗುಡಿಸಲೆಂದು ಬಾಗಿಲು ತೆಗೆದರೆ ಅಂಗಳದ ತುಂಬ ಹುಲಗಲ ಹೂವು. ಪುಸ್ತಕದವರು ಹೊಂಗೆ ಎನ್ನುವ ಗಿಡಕ್ಕೆ ನಮ್ಮ ಕಡೆ ಅದೇ ಹೆಸರು. ರಾಣೆಬೆನ್ನೂರಿನ ಈ ಬಾಡಿಗೆ ಮನೆಯಲ್ಲಿ ನನಗಿದು ಮೊದಲ ಬೇಸಿಗೆ. ಒಂದು ಮುಷ್ಟಿ ಎತ್ತಿ ಮೂಸಿದೆ. ಆ ಮಂದವಾದ, ತುಸು ಕಹಿ ವಾಸನೆ... ಕಸಬರಿಗೆ ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ಮೇಲಿನ ಹೊಲದ ಕಾಕಾ ನೆನಪಾದರು.

ಕಾಕಾ ನಮಗೆ ಬಳಗದವರಲ್ಲ. ಮೇಡ್ಲೇರಿಯಲ್ಲಿ ನಮ್ಮ ಹೊಲಕ್ಕೆ ಹತ್ತಿಕೊಂಡೇ, ತುಸು ಎತ್ತರದಲ್ಲಿ ಅವರ ಹೊಲ. ಅಪ್ಪನೂ ಅವರೂ ಒಂದೇ ಓರಗೆಯವರು, ದೋಸ್ತರು. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣುವಾಗ ಎರಡೂ ಮನೆಯವರದು ಒಂದೇ ಪಂಕ್ತಿ. ಅವ್ವನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಂದರೆ ಕಾಕಾಗೆ ಜೀವ. ಗಂಟು ಬಿಚ್ಚುವ ಮೊದಲೇ ಕೈ ತೊಳೆದು ಕೂತುಬಿಡುತ್ತಿದ್ದರು. ಅದಕ್ಕೆ ಅವ್ವ ಅವರನ್ನು ಕಾಡಿಸದ ವರ್ಷವೇ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕಾಕಾ ಹೊಳೆಗೆ ಪಂಪು ಕೂಡಿಸಿ ಭತ್ತ ಹಾಕಿದರು. ಎರೆಭೂಮಿಗೆ ಹಗಲೂ ರಾತ್ರಿ ನೀರು ನಿಲ್ಲಿಸಿದರು. ನೀರಿದ್ದವರ ಗತ್ತೇ ಬೇರೆ, ಊರವರೂ ಹೊಗಳಿದ್ದೇ ಹೊಗಳಿದ್ದು. ಇತ್ತ ನಮ್ಮ ಹೊಲದ ಮೇಲಿನ ಮೂಲೆಯಲ್ಲಿ ಸುಣ್ಣ ಬಳಿದಂತೆ ಬಿಳಿ ಏಳತೊಡಗಿತು. ಜೋಳದ ಸಸಿ ಮೊಳಕಾಲೆತ್ತರ ಬಂದು ಹಳದಿಯಾಗಿ ಸಾಯುತ್ತಿತ್ತು. ನೆಲದೊಳಗಿನ ಉಪ್ಪು ಮೇಲೆದ್ದು ನಮ್ಮ ಹೊಲ ಸವಳು ಹಿಡಿದಿತ್ತು.

ಅಪ್ಪ ಹೇಳಿದರೆ ಕಾಕಾ ಮೊದಲು ನಂಬಲಿಲ್ಲ. ನನ್ನ ನೀರು ನನ್ನ ಹೊಲದಾಗ ನಿಂತೈತಿ, ನಿಮ್ಮದಕ್ಕ ಹೆಂಗ ಬರ್ತೈತಿ ಎಂದು ನಕ್ಕರು. ಅಪ್ಪ ಸಲಿಕೆ ತಂದು ಬದುವಿನ ಬುಡದಲ್ಲಿ ಒಂದು ಗುಂಡಿ ತೋಡಿದ. ಸ್ವಲ್ಪ ಹೊತ್ತಿಗೆ ಭತ್ತದ ಕಡೆಯ ಗೋಡೆಯಿಂದ ನೀರು ಜಿನುಗಿತು. ಕಾಕಾ ಬಗ್ಗಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಅವರ ಮುಖದ ಮೇಲಿನ ನಗು ಹೋದದ್ದು ನನಗೆ ಇನ್ನೂ ಕಾಣುತ್ತದೆ.

ಆ ಸೀಗಿ ಹುಣ್ಣಿಮೆಗೆ ಅವ್ವ ಎಷ್ಟು ಕರೆದರೂ ಅವರು ಪಂಕ್ತಿಗೆ ಕೂಡಲಿಲ್ಲ. ಬದುವಿನ ಆಚೆಯೇ ನಿಂತು ಹೇಳಿದರು:

"ವೈನಿ, ಆ ಮೂಲ್ಯಾಗ ಜ್ವಾಳ ತೆನಿ ಹಿಡೀಲಿ. ಆವಾಗ ಕರೀರಿ, ಓಡಿ ಬರ್ತೇನಿ. ಅಲ್ಲೀತನಕ ನಿಮ್ಮ ರೊಟ್ಟಿ ನನ್ನ ಗಂಟಲದಾಗ ಇಳಿಯಂಗಿಲ್ರಿ."

ಕೃಷಿ ಇಲಾಖೆಯವರು ಎರಡು ಮಾತು ಹೇಳಿದ್ದರು: ಮೇಲೆ ನೀರು ನಿಲ್ಲಿಸಬೇಡಿ, ನಡುವೆ ಆಳಕ್ಕೆ ಬೇರು ಬಿಡುವ ಗಿಡ ಹಚ್ಚಿ, ಬಸಿಯುವ ನೀರನ್ನು ಅವು ಕುಡಿಯುತ್ತವೆ. ಕಾಕಾ ಮರುವರ್ಷವೇ ಭತ್ತ ಬಿಟ್ಟರು. ನಮಗೆ ನೆರಳು ಬೀಳಬಾರದೆಂದು ಬದುವಿನಿಂದ ದೂರ ಸರಿದು, ತಮ್ಮ ಹೊಲದೊಳಗೇ ಒಂದು ಪಟ್ಟಿ ಬಿಟ್ಟುಕೊಟ್ಟು ಹುಲಗಲ, ಹೊಳೆಮತ್ತಿ, ಬೇವು ಹಚ್ಚಿದರು. ಭತ್ತದ ಗೌಡ ಗಿಡದ ಗೌಡ ಆದ ಎಂದು ಊರು ಆಡಿಕೊಂಡಿತು. ಬೇಸಿಗೆಯಲ್ಲಿ ಕೊಡ ಹೊತ್ತು ಸಸಿಗಳಿಗೆ ತಾವೇ ನೀರು ಹಾಕುತ್ತಿದ್ದರು. ಒಣಗಿದ ಸಸಿಯ ಜಾಗದಲ್ಲಿ ಮತ್ತೊಂದು ನೆಡುತ್ತಿದ್ದರು. ಅಪ್ಪನ ಸಿಟ್ಟು ಎಂದೋ ಇಳಿದಿತ್ತು. ಹೇಳಿಕೊಳ್ಳುವ ಜಾಯಮಾನ ಮಾತ್ರ ಅವನದಲ್ಲ.

ಗಿಡಗಳು ಆಳೆತ್ತರ ದಾಟಿದವು. ಬಿಳಿ ಸರಿಯುತ್ತ ಬಂತು. ಒಂದು ವರ್ಷ ಮೂಲೆಯ ಜೋಳ ಸಾಯದೆ ಉಳಿದು ತೆನೆ ಹಿಡಿಯಿತು. ತೆನೆ ಎಂದರೆ ಏನು, ಇಲಿಬಾಲದಂಥವು, ಗಿಡವೂ ಸೊಂಟಕ್ಕೆ ಬಂದಿರಲಿಲ್ಲ. ಆದರೂ ತೆನೆಯೇ. ಹುಣ್ಣಿಮೆಯ ದಿನ ಅವ್ವ ರೊಟ್ಟಿಯ ಗಂಟು ಬಿಚ್ಚುತ್ತ, ಕಾಕಾರನ್ನು ಕರೆಯೋಣ ಅಂದಳು.

"ಈ ಬಡಕಲು ತೆನಿ ತೋರ್ಸಿ ಕರಿಯೂದೇನ?" ಅಂದ ಅಪ್ಪ. "ಮುಂದಿನ ವರ್ಷ ಮೂಲಿ ತುಂಬ ಬೆಳೀಲಿ. ಮಾನದಿಂದ ಕರದು ಕುಂದ್ರಸೂಣು."

ಅದರಲ್ಲಿ ಪ್ರೀತಿಯೇ ಇತ್ತು, ನಾನು ಆಣೆ ಮಾಡಿ ಹೇಳಬಲ್ಲೆ. ಕಾಕಾ ಆಗ ಗಿಡಗಳ ಸಾಲಿನಲ್ಲೇ ಇದ್ದರು, ಕಸವಿಲ್ಲದ ಬುಡದಲ್ಲಿ ಕಸ ಕೀಳುತ್ತಿದ್ದರು. ದಿನಾ ಅಲ್ಲಿಗೆ ಬರುವವರು ತೆನೆ ನೋಡಿರಲಿಲ್ಲವೇ... ನಮಗಿಂತ ಮೊದಲು ನೋಡಿರಬೇಕು. ಕೂಗಿದರೆ ಕೇಳುವಷ್ಟೇ ದೂರ. ಯಾರೂ ಕೂಗಲಿಲ್ಲ, ನಾನೂ ಕೂಗಲಿಲ್ಲ. ಉಂಡು, ಕೈ ತೊಳೆದು, ಬುತ್ತಿ ಕಟ್ಟಿಕೊಂಡು ಮನೆಗೆ ಬಂದೆವು.

ಮುಂದಿನ ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ಹೋಗಿಬಿಟ್ಟರು. ಅವರ ಹೊಲದಲ್ಲೇ, ಗಿಡಗಳ ಪಕ್ಕ ಮಣ್ಣು ಮಾಡಿದರು. ಹುಲಗಲ ಅದೇ ಮೊದಲ ಸಲ ಹೂ ಬಿಟ್ಟಿತ್ತು, ಹೊಸ ಮಣ್ಣಿನ ಮೇಲೆಲ್ಲ ಉದುರಿತ್ತು. ಅಪ್ಪ ಮನೆಗೆ ಬಂದು ಗೋಡೆಗೆ ಒರಗಿ, "ಕರೀಬೇಕಿತ್ತು" ಅಂದ.

ಈಗಲೂ ಸೀಗಿ ಹುಣ್ಣಿಮೆಗೆ ನಾನು ಮೇಡ್ಲೇರಿಗೆ ಹೋಗುತ್ತೇನೆ. ಅಪ್ಪನಿಗೆ ಮೊಳಕಾಲು ನೋವು, ಆದರೂ ಉಣ್ಣುವ ಮೊದಲು ಕೋಲೂರಿಕೊಂಡು ಬದು ಹತ್ತುತ್ತಾನೆ. "ದೋಸ್ತ, ತೆನಿ ಹಿಡದಾವ, ಉಣ್ಣಾಕ ಬಾರಪಾ" ಎಂದು ಗಿಡಗಳ ಕಡೆ ಕೂಗಿ, ಸ್ವಲ್ಪ ಹೊತ್ತು ಕಾದು ಇಳಿದು ಬರುತ್ತಾನೆ. ಆಮೇಲೆ ಅವ್ವ ಬಡಿಸುತ್ತಾಳೆ.

ಕಟ್ಟೆಯಿಂದ ಎದ್ದು ಹೂವು ಗುಡಿಸಿದೆ, ಕೈಗೆ ವಾಸನೆ ಹತ್ತಿಕೊಂಡಿತ್ತು. ಮೂಲೆಯ ಜೋಳ ಈಗ ಆಳು ಮುಳುಗುವಷ್ಟು ಬೆಳೆಯುತ್ತದೆ. ಗಿಡಗಳ ಸಾಲಿನಲ್ಲಿ ನಿಂತು ನೋಡಿದರೆ ಉಣ್ಣಲು ಕೂತವರು ಕಾಣುವುದಿಲ್ಲ. ಆ ವರ್ಷ ಹಾಗಿರಲಿಲ್ಲ... ಸೊಂಟಕ್ಕೂ ಬಾರದ ಬೆಳೆಯ ಮೇಲಿಂದ, ನಾವು ಉಣ್ಣುವುದೆಲ್ಲ ಕಾಕಾಗೆ ಕಾಣುತ್ತಿತ್ತು.