ಮಂಡಕ್ಕಿ ಡಬ್ಬಿಯಲ್ಲಿ ಬಂದ ಹಾರ್ಡ್ ಡಿಸ್ಕ್

ಗಂಟಲಿನ ಆಪರೇಷನ್ ಆಗಿ ಅವ್ವನ ದನಿ ಪೂರ್ತಿ ಹೋದ ಮೇಲೆ ನಾವೆಲ್ಲ ಹೇಗೋ ಹೊಂದಿಕೊಂಡೆವು. ಅವ್ವನೂ ಹೊಂದಿಕೊಂಡಳು. ಚಪ್ಪಾಳೆ ತಟ್ಟಿ ಕರೆಯುವುದು, ಕಣ್ಣಲ್ಲೇ ಬೈಯುವುದು, ಎಲ್ಲ ಕಲಿತಳು. ಹಟ ಹಿಡಿದು ನಿಂತದ್ದು ಮನೆಯ ಎಮ್ಮೆ ಒಂದೇ.

ಗೋವಿನಕೋವಿಯ ನಮ್ಮ ತವರಿನಲ್ಲಿ ಆ ಎಮ್ಮೆ ಹುಟ್ಟಿದಾಗಿನಿಂದ ಅವ್ವನ ಮಾತು ಕೇಳಿಕೊಂಡೇ ಬೆಳೆದದ್ದು. ಹಾಲು ಕರೆಯಲು ಕೂತಾಗ ಅವ್ವ ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಊರ ಸುದ್ದಿ, ಸೊಸೆಯ ಮೇಲಿನ ದೂರು, ಹೆಣ್ಣುಮಕ್ಕಳ ಚಿಂತೆ, ಎಲ್ಲವನ್ನೂ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿಕೊಂಡು ಅದಕ್ಕೇ ಹೇಳುವುದು. ಅದು ಕೇಳುತ್ತಾ ಹಾಲು ಇಳಿಸುವುದು. ಈಗ ಅವ್ವ ಸುಮ್ಮನೆ ಕೂತರೆ ತಿರುಗಿ ತಿರುಗಿ ನೋಡುತ್ತಿತ್ತು. ಕರು ಬಿಟ್ಟರೆ ಕರುವಿಗಾಗುವಷ್ಟು ಇಳಿಸಿ, ನಮ್ಮ ಕೈ ತಾಗುತ್ತಲೇ ಮೇಲಕ್ಕೆ ಎಳೆದುಕೊಂಡುಬಿಡುತ್ತಿತ್ತು. ತಮ್ಮ ಕೂತು ಒದೆ ತಿಂದ. ತಮ್ಮನ ಹೆಂಡತಿ ಅವ್ವನ ಸೀರೆ ಉಟ್ಟುಕೊಂಡು ಕೂತಳು. ಅವಳ ಚೊಂಬು ಹೋಗಿ ಗೋಡೆಗೆ ಬಡಿಯಿತು.

ಒಂದು ಶುಕ್ರವಾರ ತಮ್ಮನ ಫೋನು ಬಂತು.

"ಅಕ್ಕಾ, ಸೋಮವಾರ ನ್ಯಾಮತಿಯಿಂದ ಒಬ್ರು ಎಮ್ಮೆ ನೋಡಾಕೆ ಬರ್ತಾರೆ. ಕೊಟ್ಟುಬಿಡ್ತೀನಿ. ಅವ್ವ ಕೇಳಿದಾಗ್ಲಿಂದ ತಟ್ಟೆ ಮುಟ್ಟಿಲ್ಲ. ನಾನೇನ್ ಮಾಡ್ಲಿ ಹೇಳು, ಮೊಣಕಾಲು ಬಾತು ಕುಂತೀನಿ."

ಅವನನ್ನು ಬೈಯೋಣವೆಂದರೆ ತಪ್ಪು ಅವನದಲ್ಲ. ಎಮ್ಮೆಯನ್ನು ಬೈಯೋಣವೆಂದರೆ ಅದರದೂ ಅಲ್ಲ. ನನಗೆ ಮೊದಲೇ ತಾಳ್ಮೆ ಕಡಿಮೆ, ಬೈಯಲು ಯಾರೂ ಸಿಗದಿದ್ದರೆ ತಲೆ ಇನ್ನೂ ಕೆಡುತ್ತದೆ. ಹೊನ್ನಾಳಿಯ ನಮ್ಮ ಮನೆಯಲ್ಲಿ ಯಾರದೋ ಮದುವೆಯ ಬ್ಲೌಸ್ ಹೊಲಿಯುತ್ತಾ ಕೂತಿದ್ದವಳು ಮಿಷನ್ ನಿಲ್ಲಿಸಿ ಯೋಚಿಸಿದೆ. ಎಮ್ಮೆಗೆ ಬೇಕಾದದ್ದು ಅವ್ವನ ಮಾತು ತಾನೇ? ಯಾರ ಫೋನಿನಲ್ಲಾದರೂ ಅವ್ವ ಮಾತಾಡಿದ ಒಂದು ತುಣುಕು ಇದ್ದರೆ ಸಾಕಲ್ಲ!

ಹುಡುಕಿದೆವು. ಅಯ್ಯೋ, ಫೋಟೋಗಳೇನು ರಾಶಿ ರಾಶಿ ಇದ್ದವು. ವಿಡಿಯೋ ಎಂದರೆ ಮಾತ್ರ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ಎದ್ದುಹೋಗುತ್ತಿದ್ದಳು. ಇಷ್ಟು ಮಾತಾಡಿದ ಹೆಂಗಸಿನ ಒಂದು ಮಾತೂ ನಮ್ಮ ಹತ್ತಿರ ಉಳಿದಿರಲಿಲ್ಲ. ಅದು ಗೊತ್ತಾದಾಗ ನನಗೆ ಎಮ್ಮೆಯ ಚಿಂತೆಯೇ ಮರೆತು ಅಳು ಬಂತು.

ಕೊನೆಗೆ ಕೆರೆಬಿಳಚಿಯ ಅಕ್ಕನಿಗೆ ಫೋನ್ ಮಾಡಿದೆ. ಅವಳು "ಲೇ, ಇರು ಇರು" ಎಂದಳು. "ನನ್ನ ಮಗಳು ಸ್ಕೂಲಿನ ಪ್ರಾಜೆಕ್ಟಿಗೆ ಅಂತ ಅವ್ವ ಹಾಲು ಕರಿಯೋದನ್ನ ವಿಡಿಯೋ ಮಾಡಿದ್ಲಲ್ಲೇ! ಅವ್ವಗೆ ಗೊತ್ತಾಗ್ದಂಗೆ, ಬಾಗಿಲ ಮರೆಯಿಂದ!"

"ಎಲ್ಲೈತೆ ಅದು?"

"ಹಳೇ ಕಂಪ್ಯೂಟರ್ನಾಗೆ. ಅದು ಸತ್ತು ಎಷ್ಟೋ ದಿನ ಆತು. ಜೋಳದ ಚೀಲದ ಹಿಂದೆ ಬಿದ್ದೈತೆ."

ಕಂಪ್ಯೂಟರ್ ಸತ್ತರೂ ಒಳಗಿನ ಹಾರ್ಡ್ ಡಿಸ್ಕ್ ಬದುಕಿರಬಹುದು, ಅದನ್ನು ಇನ್ನೊಂದು ಕಂಪ್ಯೂಟರಿಗೆ ಎರಡನೆಯ ಡಿಸ್ಕ್ ಆಗಿ ಜೋಡಿಸಿದರೆ ಓದುತ್ತದೆ ಎಂದು ಎಲ್ಲೋ ನೋಡಿದ್ದೆ. ನಮ್ಮ ಮನೆಯಲ್ಲಿ ಬ್ಲೌಸ್ ಡಿಸೈನುಗಳಿಗೆಂದು ನಾನೇ ಹಟ ಮಾಡಿ ತರಿಸಿದ ಕಂಪ್ಯೂಟರ್ ಇತ್ತು. ಪೇಟೆಯ ರಿಪೇರಿಯವರನ್ನು ಕೇಳಿದರೆ "ಬಿಟ್ಟು ಹೋಗ್ರಿ ಮೇಡಂ, ಮುಂದಿನ ವಾರ ನೋಡಾಣ" ಎಂದರು. ಮುಂದಿನ ವಾರ ಎಮ್ಮೆ ಯಾರ ಮನೆಯಲ್ಲಿರುತ್ತದೋ! ನಾನೇ ಜೋಡಿಸುತ್ತೇನೆ ಎಂದು ಅಲ್ಲಿಂದ ಎದ್ದು ಬಂದೆ.

ಅಕ್ಕ ಮರುದಿನ ಡಿಸ್ಕ್ ಬಿಚ್ಚಿ, ಚನ್ನಗಿರಿಗೆ ಬಂದು, ಹೊನ್ನಾಳಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಆತ ಸ್ಟೀಲಿನ ಡಬ್ಬಿಯನ್ನು ಎರಡೂ ಕೈಲಿ ಇಳಿಸಿ, "ಏನಕ್ಕಾ ಇದು? ಮಂಡಕ್ಕಿ ಅಂದ್ರು, ಕಲ್ಲು ಇದ್ದಂಗೆ ಐತೆ" ಎಂದ. ಮುಚ್ಚಳ ತೆಗೆದರೆ ನಿಜವಾಗಿಯೂ ಮಂಡಕ್ಕಿ! ಬಸ್ಸಿನಲ್ಲಿ ಕುಲುಕಬಾರದೆಂದು ಅಕ್ಕ ಡಬ್ಬಿ ತುಂಬ ಮಂಡಕ್ಕಿ ಸುರಿದು, ನಡುವೆ ಡಿಸ್ಕನ್ನು ಹೂತಿಟ್ಟಿದ್ದಳು. ಯಾವ ವೈರು ಯಾವುದಕ್ಕೋ ತಿಳಿಯದೆ ಹಳೆಯ ಕೇಬಲ್ಲನ್ನೂ ಕಿತ್ತು ಬಿಡಿಯಾಗಿ ಜೊತೆಗೇ ಇಟ್ಟು ಕಳಿಸಿದ್ದಳು. ಅದೇ ನನಗೆ ಬೇಕಾಗಿದ್ದದ್ದು!

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ಹಿಡಿದು ಕೂತೆ. ನಮ್ಮನೆಯವರು ಟಾರ್ಚ್ ಹಿಡಿದು ನಿಂತರು.

"ನೋಡು, ಇರೋ ಕಂಪ್ಯೂಟ್ರೂ ಹಾಳಾದೀತು."

"ರೀ, ಟಾರ್ಚ್ ನೆಟ್ಟಗೆ ಹಿಡೀರಿ. ಬಾಯಿಂದ ಬೆಳಕು ಬರಲ್ಲ."

ಪ್ಲಗ್ ಕಿತ್ತು ಪಕ್ಕದ ತಗಡು ತೆಗೆದೆ. ಫ್ಯಾನಿಗೆ ನನ್ನದೇ ಬಣ್ಣ ಬಣ್ಣದ ದಾರದ ಎಳೆಗಳು ಸುತ್ತಿಕೊಂಡಿದ್ದವು. ನಮ್ಮ ಡಿಸ್ಕಿನ ಕೆಳಗೆ ಅಷ್ಟೇ ಅಗಲದ ಇನ್ನೊಂದು ಖಾಲಿ ಗೂಡು. ನನಗಾದ ಖುಷಿ ಹೇಳತೀರದು, ಕಂಪ್ಯೂಟರ್ ಮಾಡಿದವರು ಬೇಕೆಂದೇ ಜಾಗ ಬಿಟ್ಟಿದ್ದಾರಲ್ಲ! ಡಿಸ್ಕ್ ತಳ್ಳಿ, ಸ್ಕ್ರೂ ಬಿಗಿದು, ಅಕ್ಕ ಕಳಿಸಿದ ಕೇಬಲ್ಲಿನ ಒಂದು ತುದಿಯನ್ನು ಡಿಸ್ಕಿಗೆ, ಇನ್ನೊಂದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದೆ. ಕರೆಂಟಿನ ವೈರಿನ ಒಂದು ಕವಲು ಕೆಲಸವಿಲ್ಲದೆ ಒಳಗೇ ನೇತಾಡುತ್ತಿತ್ತು, ಅದನ್ನೂ ಹಾಕಿದೆ. ಸ್ವಿಚ್ ಒತ್ತಿದೆ.

ಕಂಪ್ಯೂಟರ್ ಶುರುವಾಯಿತು. ನಮ್ಮ ಡಿಸ್ಕ್ ಮಾತ್ರ ಕಂಡಿತು. ಅಕ್ಕ ಕಳಿಸಿದ್ದರ ಸುಳಿವೇ ಇಲ್ಲ.

"ನಾನ್ ಹೇಳ್ಲಿಲ್ವಾ," ಎಂದು ನಮ್ಮನೆಯವರು ಬಾಯಿ ತೆಗೆದರು. ನಾನು ತಿರುಗಿ ನೋಡಿದ ರೀತಿಗೆ ಹಾಗೇ ಮುಚ್ಚಿದರು. ಅಕ್ಕನಿಗೆ ಫೋನ್ ಹಚ್ಚಿ, "ಸತ್ತದ್ದನ್ನೇ ಕಳಿಸೀಯಲ್ಲೇ" ಎಂದು ರೇಗಿದೆ.

"ನನ್ಮೇಲೆ ಯಾಕೆ ಹಾರಾಡ್ತೀ? ಮಂಡಕ್ಕಿ ಎಲ್ಲಾ ಸರಿಯಾಗಿ ಕೊಡವಿದ್ಯಾ?"

ಕೊಡವಿದ್ದೆ. ಆದರೂ ಮತ್ತೆ ಪ್ಲಗ್ ಕಿತ್ತು, ಡಿಸ್ಕ್ ಹೊರತೆಗೆದು, ಕೇಬಲ್ ಕೂರುವ ಸಣ್ಣ ಬಾಯಿಗೆ ಟಾರ್ಚ್ ಬಿಟ್ಟೆವು. ಹೌದು! ಮೂಲೆಯಲ್ಲಿ ಮಂಡಕ್ಕಿಯ ಒಂದು ಚೂರು ಬೆಳ್ಳಗೆ ಕಚ್ಚಿಕೊಂಡು ಕೂತಿತ್ತು. ಕೇಬಲ್ ಪೂರ್ತಿ ಒಳಗೆ ಹೋಗದಂತೆ ಅದೇ ತಡೆದಿತ್ತು. ನಾನು ಒತ್ತಿದಾಗ ಪುಡಿಯಾದದ್ದೂ ಅಲ್ಲೇ ಇತ್ತು. ಮಿಷನ್ನಿನ ಹಲ್ಲಿನಿಂದ ಬಟ್ಟೆಯ ಧೂಳು ತೆಗೆಯುವ ಬ್ರಷ್ಷನ್ನು ತಂದು, ಉಸಿರು ಬಿಗಿಹಿಡಿದು ಮೆಲ್ಲಗೆ ಗುಡಿಸಿದೆ. ಈ ಸಲ ಕೇಬಲ್ ಟಕ್ಕೆಂದು ಕೂತಿತು.

ಸ್ವಿಚ್ ಒತ್ತಿದೆ. ಬಂತು! ನಮ್ಮ ಡಿಸ್ಕಿನ ಪಕ್ಕದಲ್ಲೇ ಇನ್ನೊಂದು ಡಿಸ್ಕ್ ಬಂದು ಕೂತಿತು! ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ "ಏನಾತ್ರೀ?" ಎಂದು ಕೇಳಿದರು. ಅಕ್ಕನ ಮಗಳ ಹೆಸರಿನ ಫೋಲ್ಡರ್ ಒತ್ತಿದರೆ ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಎಂದು ಬಂತು. ನಮ್ಮಕ್ಕನ ಮಗಳ ಫೋಲ್ಡರ್ ತೆರೆಯಲು ನನಗೆ ಅನುಮತಿ ಇಲ್ಲವಂತೆ! ಕೆಳಗೆ ಮುಂದುವರಿಸು ಎಂಬ ಗುಂಡಿಯೂ ಇತ್ತು. ಗಟ್ಟಿಯಾಗಿ ಒತ್ತಿದೆ. ಹಸಿರು ಪಟ್ಟಿ ತೆವಳಿ ತೆವಳಿ ತುದಿ ಮುಟ್ಟಿತು. ಸ್ಕೂಲು, ಪ್ರಾಜೆಕ್ಟು, ಅದರೊಳಗೆ ಒಂದೇ ಒಂದು ವಿಡಿಯೋ.

ಅಲ್ಲಾಡುವ ಚಿತ್ರ, ಅರ್ಧ ಬಾಗಿಲು, ಎಮ್ಮೆಯ ಬೆನ್ನು. ಆಮೇಲೆ ಅವ್ವನ ದನಿ.

"ಬಾರೇ ನನ್ನವ್ವ, ನಿಂತ್ಕೋ. ಹಾಂ, ಹಂಗೆ. ಏನ್ ಬಿಸ್ಲೇ ಇವತ್ತು... ಸಣ್ಣಾಕಿ ಫೋನ್ ಮಾಡಿದ್ಲು. ಹೊಲಿಯೋ ಕೆಲಸ ಭಾಳಂತೆ, ಉಣ್ಣಾಕೂ ಪುರಸೊತ್ತಿಲ್ವಂತೆ. ಹಿಂಗಾದ್ರೆ ಹೆಂಗೆ, ನೀನೇ ಹೇಳು..."

ಸಣ್ಣಾಕಿ ಎಂದರೆ ನಾನು. ನನ್ನ ಚಿಂತೆಯನ್ನು ಅವ್ವ ಎಮ್ಮೆಯ ಹತ್ತಿರ ಹೇಳುತ್ತಿದ್ದಳು ಎಂದು ನನಗೆ ಗೊತ್ತಿತ್ತು, ಕೇಳಿಸಿಕೊಂಡಿದ್ದು ಅವತ್ತೇ. ಕೊನೆಯಲ್ಲಿ ಮೊಮ್ಮಗಳು ಸಿಕ್ಕಿಬಿದ್ದಳು. ಅವ್ವ ನಗುತ್ತಾ, "ಸಾಕು ಬಿಡೇ, ಎಷ್ಟು ಹಿಡ್ಕೊಂತೀ. ನನ್ನ ದನಿ ಎಲ್ಲಿಗ್ ಓಡಿಹೋಗ್ತೈತೆ?" ಎಂದಳು. ಅಲ್ಲಿಗೆ ವಿಡಿಯೋ ಮುಗಿಯಿತು.

ಆಮೇಲೆ ನಮ್ಮನೆಯವರು ಮೆಲ್ಲಗೆ, "ಆ ಕಡೇ ಮಾತು ಕತ್ತರಿಸಿ ಹಾಕಿದ್ರೆ ಹೆಂಗೆ? ಅತ್ತೆಗೆ ನೋವಾಗ್ತೈತೇನೋ" ಎಂದರು. ದಿನವಿಡೀ ಬಟ್ಟೆ ಕತ್ತರಿಸುವವಳು ನಾನು, ಅದೊಂದನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ.

ವಿಡಿಯೋವನ್ನು ಫೋನಿಗೆ ಹಾಕಿಕೊಂಡು ಬೈಕ್ ಹತ್ತಿ ಸಂಜೆಯ ಹಾಲಿನ ಹೊತ್ತಿಗೆ ಗೋವಿನಕೋವಿ ಮುಟ್ಟಿದೆವು. ಅವ್ವನಿಗೆ ಏನೂ ಹೇಳಲಿಲ್ಲ, ಕೈಹಿಡಿದು ಕೊಟ್ಟಿಗೆಗೆ ಕರೆದೊಯ್ದು ಚೊಂಬು ಕೊಟ್ಟು ಕೂರಿಸಿದೆ. ನಾಳೆ ಹೋಗುವ ಎಮ್ಮೆಯ ಹತ್ತಿರ ಇನ್ನೇನು ಎಂಬಂತೆ ಅವಳು ನನ್ನನ್ನು ನೋಡಿದಳು. ತಮ್ಮ ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತ. ನಾನು ಫೋನನ್ನು ಅವ್ವನ ಸೆರಗಿನ ಮಡಿಕೆಯಲ್ಲಿಟ್ಟು ಒತ್ತಿದೆ.

"ಬಾರೇ ನನ್ನವ್ವ, ನಿಂತ್ಕೋ..."

ಅವ್ವನ ಕೈ ಅಲ್ಲೇ ನಿಂತಿತು. ಎಮ್ಮೆ ಕಿವಿ ನಿಮಿರಿಸಿ ತಿರುಗಿತು. ಅದು ಫೋನನ್ನು ನೋಡಲಿಲ್ಲ, ಅವ್ವನ ಮುಖವನ್ನೇ ನೋಡಿತು. ನೋಡುತ್ತಿದ್ದಂತೆ ಅವ್ವನ ತುಟಿಗಳು ಆಡತೊಡಗಿದವು. ಬಿಸಿಲು, ಸಣ್ಣಾಕಿ, ಉಣ್ಣಾಕೆ ಪುರಸೊತ್ತಿಲ್ಲ, ಒಂದೊಂದು ಮಾತಿಗೂ ಸರಿಯಾಗಿ. ಹಣೆ ಎಮ್ಮೆಯ ಹೊಟ್ಟೆಗೆ ಆನಿಸಿ ಕಣ್ಣು ಮುಚ್ಚಿದಳು. ಚೊಂಬಿನೊಳಗೆ ಸರ್ರೆಂದು ಮೊದಲ ಧಾರೆ ಬಿತ್ತು. ಆಮೇಲೆ ಇನ್ನೊಂದು, ಆಮೇಲೆ ನಿಲ್ಲಲೇ ಇಲ್ಲ!

ತಮ್ಮ ಅಂಗಳಕ್ಕೆ ಓಡಿದ. ಮೊಣಕಾಲು ನೋವು ಎಲ್ಲಿ ಹೋಯಿತೋ. "ನಾಳೆ ಬರಬ್ಯಾಡ್ರಿ ಯಜಮಾನ್ರೇ, ಎಮ್ಮೆ ಕೊಡಲ್ಲ" ಎಂದು ಫೋನಿನಲ್ಲಿ ಕಿರುಚುವುದು ನಮಗೆಲ್ಲ ಕೇಳಿಸಿತು.

ಅಷ್ಟರಲ್ಲಿ ವಿಡಿಯೋ ಆ ಮಾತಿಗೆ ಬಂತು. ನನ್ನ ದನಿ ಎಲ್ಲಿಗ್ ಓಡಿಹೋಗ್ತೈತೆ? ನಾನು ನೆಲ ನೋಡಿದೆ. ವಿಡಿಯೋ ಮುಗಿಯಿತು. ಎಮ್ಮೆಯೂ ಹಾಲು ನಿಲ್ಲಿಸಿ ಕಾಯುತ್ತಾ ನಿಂತಿತು. ತಲೆಯೆತ್ತಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ನಗುತ್ತಿದ್ದಳು. ಹಾಲು ಮೆತ್ತಿದ ಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿದಳು, ಇನ್ನೊಂದು ಸಲ ಹಾಕು ಎಂದು.

ನಾನು ಮೊದಲಿನಿಂದ ಹಾಕಿದೆ.