ತುಂಬಿ ಬಂದ ಊಟದ ಡಬ್ಬಿ

ಅಕ್ಕ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ತಂಗಿ ಕೆಲಸದಿಂದ ಬಂದ ಕೂಡಲೇ ಬಾಗಿಲಲ್ಲೇ ಊಟದ ಡಬ್ಬಿ ಇಸಿದುಕೊಂಡು ಒಮ್ಮೆ ಕೈಯಲ್ಲೇ ತೂಗಿ ನೋಡುತ್ತಿದ್ದಳು, ಅಷ್ಟೇ. ಹಗುರವಾಗಿದ್ದರೆ ಕೆಲಸ ಇನ್ನೂ ಇದೆ ಎಂದರ್ಥ. ಭಾರವಾಗಿದ್ದರೆ ಹೋಯಿತು. ಏಕೆಂದರೆ ಈ ಹುಡುಗಿಯನ್ನು ಕೆಲಸದಿಂದ ತೆಗೆದವರೆಲ್ಲ, ಒಬ್ಬರಿಗೊಬ್ಬರು ಮಾತಾಡಿಕೊಂಡವರ ಹಾಗೆ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತೆಗೆಯುತ್ತಿದ್ದರು.

ಮನೆಯಲ್ಲಿ ಅವಳಿಗೆ 'ಸ್ವಂತಬುದ್ಧಿ' ಎಂದೇ ಹೆಸರು. ಇಟ್ಟವರು ಭಾವ. ಭಾವ ಆಸ್ಪತ್ರೆಯ ಉಗ್ರಾಣದಲ್ಲಿ ಕೆಲಸ ಮಾಡುವವರು. ಹೇಳಿದ ಸಾಮಾನನ್ನು ಹೇಳಿದ ಕಪಾಟಿನಲ್ಲಿ ಇಟ್ಟು, ಹೇಳಿದ ಹೊತ್ತಿಗೆ ಬೀಗ ಹಾಕಿ ಬರುವ ಮನುಷ್ಯ. ಅಂಥವರಿಗೆ ಈ ನಾದಿನಿಯ ಕಥೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿತ್ತು.

ಮೊದಲು ಪಾರ್ಸೆಲ್ ಆಫೀಸು. ಅಲ್ಲಿ ಪೊಟ್ಟಣಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದರು. ಸ್ವಂತಬುದ್ಧಿಗೆ ಅದು ಸರಿಬರಲಿಲ್ಲ. ಹಂಚುವವನು ಹೋಗುವುದು ಬೀದಿಬೀದಿಗೆ ತಾನೇ, ಬೀದಿಯ ಪ್ರಕಾರವೇ ಇರಲಿ ಎಂದು ಗುಮಾಸ್ತರು ರಜೆಯಲ್ಲಿದ್ದಾಗ ಇಡೀ ಕೋಣೆಯನ್ನೇ ಬದಲಾಯಿಸಿಬಿಟ್ಟಳು. ಹಂಚುವವರಿಗೆ ಬಹಳ ಖುಷಿಯಾಯಿತು. ರಜೆ ಮುಗಿಸಿ ಬಂದ ಗುಮಾಸ್ತರಿಗೆ ಮಾತ್ರ ಒಂದು ಪೊಟ್ಟಣವೂ ಸಿಗಲಿಲ್ಲ. ಅವತ್ತು ಡಬ್ಬಿ ತುಂಬಿ ಬಂತು.

ಆಮೇಲೆ ಬ್ಯಾಗಿನ ಅಂಗಡಿ. ಜಿಪ್ ಕೆಟ್ಟಿದೆ, ಹೊಸ ಬ್ಯಾಗ್ ಬೇಕು ಎಂದು ಒಬ್ಬರು ಹಳೆಯ ಬ್ಯಾಗ್ ಹಿಡಿದುಕೊಂಡೇ ಬಂದರು. ಮಾಲೀಕ ಹೊಸದನ್ನು ತೆಗೆದು ತೋರಿಸುತ್ತಿರುವಾಗಲೇ ಇವಳು ಇಕ್ಕಳ ತಂದಳು. ಜಿಪ್ ಎಳೆಯಲು ಹಿಡಿಯುವ ರನ್ನರ್ ಇರುತ್ತದಲ್ಲ, ಅದು ಸವೆದು ಬಾಯಿ ಅಗಲ ಮಾಡಿಕೊಂಡಿತ್ತು. ಎರಡೂ ಬದಿ ಮೆಲ್ಲಗೆ ಅದುಮಿದಳು. ಜಿಪ್ ಸರ್ರನೆ ಓಡಿತು. ಗಿರಾಕಿಯೂ ಅಷ್ಟೇ ಸರ್ರನೆ ಹೊರಟುಹೋದರು. ಮಾಲೀಕ ಕೈಯಲ್ಲಿದ್ದ ಹೊಸ ಬ್ಯಾಗನ್ನೂ ಇವಳ ಮುಖವನ್ನೂ ಒಂದೊಂದು ಸಲ ನೋಡಿ, "ನೀನು ನನ್ನ ಅಂಗಡೀಲಿ ಕೆಲಸ ಮಾಡ್ತಿದೀಯೋ, ನನ್ನ ಮೇಲೆ ಹಗೆ ತೀರಿಸ್ಕೊಳ್ತಿದೀಯೋ?" ಎಂದು ಕೇಳಿದ. ಡಬ್ಬಿ ತುಂಬಿ ಬಂತು.

ಕೊನೆಗೆ ಅಕ್ಕ ಯಾರ್ಯಾರನ್ನೋ ಹಿಡಿದು ಬ್ಯಾಗ್ ಹೊಲಿಯುವ ಕಾರ್ಖಾನೆಗೆ ಸೇರಿಸಿದಳು. ಉದ್ದನೆಯ ಹಾಲ್, ಸಾಲಾಗಿ ಹೊಲಿಗೆ ಯಂತ್ರ, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು. ಒಬ್ಬರು ಪಟ್ಟಿ, ಒಬ್ಬರು ಜೇಬು, ಇವಳದು ಜಿಪ್. ಕೆಲಸ ಅವಳಿಗೆ ನಿಜಕ್ಕೂ ಹಿಡಿಸಿತು. ಅಲ್ಲಿನ ಸೂಪರ್‌ವೈಸರ್‌ಗೆ ಇದ್ದದ್ದು ಒಂದೇ ಮಾತು: "ಹೇಳಿದಷ್ಟು ಮಾಡು." ಬೆಳಿಗ್ಗೆ ನಮಸ್ಕಾರ ಹೇಳಿದರೂ ಅದೇ ಉತ್ತರ ಬಂದೀತು, ಅಂಥ ಮನುಷ್ಯ.

ಸ್ವಂತಬುದ್ಧಿ ಎಡಚಿ. ಹೆಗಲಿಗೆ ಹಾಕುವ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಜಿಪ್ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದಳು. ಇದು ಹಿಂದಕ್ಕೆ ಎಳೆದರೆ ತೆರೆಯುತ್ತದೆ, ಮುಂದಕ್ಕೆ ಎಳೆದರೆ ತೆರೆಯುವಂತಿದ್ದರೆ ಎಷ್ಟು ಸಲೀಸು ಎನ್ನಿಸಿತು. ಸೂಪರ್‌ವೈಸರ್‌ಗೆ ಹೇಳಿದಳು.

"ಸಾರ್, ಈ ಜಿಪ್ ಉಲ್ಟಾ ಹಾಕಿದ್ರೆ..."

"ಹೇಳಿದಷ್ಟು ಮಾಡು."

"ಆದ್ರೆ ಸಾರ್, ಒಂದ್ಸಲ ನೋಡಿ..."

"ನೋಡೋಕೆ ನಾನಿದೀನಿ, ಹೊಲಿಯೋಕೆ ನೀನಿದೀಯ."

ಅವರು ಆ ಕಡೆ ತಿರುಗಿದ್ದೇ ತಡ, ಇವಳು ಈ ಕಡೆ ಜಿಪ್ ತಿರುಗಿಸಿದಳು. ಒಂದಲ್ಲ ಎರಡಲ್ಲ, ಬೆಳಗಿನ ಪಾಳಿಯ ಅಷ್ಟೂ ನೀಲಿ ಬ್ಯಾಗು. ನೋಡಿದರೆ ತಾವೇ ಮೆಚ್ಚುತ್ತಾರೆ ಎಂದುಕೊಂಡಿದ್ದಳು. ಸೂಪರ್‌ವೈಸರ್ ನೋಡಿದರು. ಮೆಚ್ಚಲಿಲ್ಲ. ಆ ರಾಶಿಯನ್ನೆಲ್ಲ 'ಕಳಪೆ' ಎಂದು ಬದಿಗೆ ಹಾಕಿ, ಫುಟ್‌ಪಾತಿನ ವ್ಯಾಪಾರಿಗಳಿಗೆ ಅಗ್ಗಕ್ಕೆ ಕೊಟ್ಟುಬಿಟ್ಟರು. ಡಬ್ಬಿ ತುಂಬಿ ಬಂತು.

ಅವತ್ತು ಅಕ್ಕ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕುಸಿದು ಕೂತಳು. ತಾಯಿ ಹೋದಮೇಲೆ ತಂಗಿಯನ್ನು ಸೊಂಟದಲ್ಲೇ ಎತ್ತಿ ಸಾಕಿದವಳು ಅವಳು. "ನಾನು ಹೋದಲ್ಲೆಲ್ಲ ನಿನ್ನ ಪರವಾಗಿ ಮಾತು ಕೊಟ್ಟು ಬರ್ತೀನಿ. ಈಗ ಯಾರ ಮುಖಾನೂ ನೋಡೋ ಹಾಗಿಲ್ಲ ನಂಗೆ," ಎಂದಳು.

ಸ್ವಂತಬುದ್ಧಿ ನೆಲ ನೋಡುತ್ತ ನಿಂತಿದ್ದಳು. "ಇನ್ನು ಯಾರ ಹತ್ರಾನೂ ಕೇಳ್ಬೇಡಕ್ಕಾ. ನಾನೇ ಏನಾದ್ರೂ ಶುರು ಮಾಡ್ತೀನಿ," ಎಂದಳು.

ಊಟಕ್ಕೆ ಕೂತಿದ್ದ ಭಾವ ತಲೆ ಎತ್ತಲಿಲ್ಲ. "ಒಳ್ಳೇದಾಯ್ತು. ಅಲ್ಲಾದ್ರೆ ಕೆಲಸದಿಂದ ತೆಗೆಯೋರು ಯಾರೂ ಇರಲ್ಲ."

ಮೂರು ಅಂತಸ್ತಿನ ಒಂದು ಹಳೆಯ ಕಟ್ಟಡ. ಅದರ ಮೆಟ್ಟಿಲ ಕೆಳಗೆ ಒಂದು ಗೂಡು. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಕೂತರೆ ಯಾರೋ ಹತ್ತಿ ಇಳಿಯುವ ಸದ್ದು ನೇರ ನೆತ್ತಿಗೇ ಬೀಳುತ್ತದೆ. ಅಲ್ಲಿ ಒಂದು ಹಳೆಯ ಹೊಲಿಗೆ ಯಂತ್ರ, ಒಂದು ಇಕ್ಕಳ, ಅಳತೆ ಪ್ರಕಾರ ಬೇರೆಬೇರೆ ಡಬ್ಬದಲ್ಲಿ ತುಂಬಿಟ್ಟ ರನ್ನರ್‌ಗಳು. 'ಜಿಪ್ ರಿಪೇರಿ' ಎಂದು ಒಂದು ರಟ್ಟಿನ ಫಲಕ. ಅಂಗಡಿ ತೆರೆಯಿತು.

ತೆರೆಯಿತು ನಿಜ, ಗಿರಾಕಿ ಬರಬೇಕಲ್ಲ? ಮೇಲಿನ ಮನೆಯ ಮಕ್ಕಳ ಶಾಲೆಯ ಚೀಲ ಬಂತು, ಯಾರದೋ ಜಾಕೆಟ್ ಬಂತು, ಮತ್ತೆ ನೊಣ ಹೊಡೆಯುತ್ತ ಕೂರುವುದು. ಆದರೂ ಒಂದು ಅಭ್ಯಾಸ ಮಾಡಿಕೊಂಡಿದ್ದಳು. ಯಾವ ಬ್ಯಾಗ್ ರಿಪೇರಿ ಮಾಡಿದರೂ ಅದರೊಳಗೆ ಹಳೆಯ ಪೇಪರ್ ತುರುಕಿ, ತನ್ನ ಹೆಗಲಿಗೇ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದು ನೋಡುತ್ತಿದ್ದಳು. ಜಿಪ್ ಜಗ್ಗದಿದ್ದರೆ ಮಾತ್ರ ಗಿರಾಕಿಯ ಕೈಗೆ. ಕಾರ್ಖಾನೆಯಲ್ಲಾಗಿದ್ದರೆ, ಕೂತ ಜಾಗದಿಂದ ಎದ್ದದ್ದಕ್ಕೇ ಬೈಗುಳ ತಿನ್ನಬೇಕಿತ್ತು.

ಅಷ್ಟರಲ್ಲಿ ಭಾವ ಒಂದು ಸುದ್ದಿ ತಂದರು. ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಮಡಿಸಿಡುವ ಕೋಣೆಯಲ್ಲಿ ಒಂದು ಕೆಲಸ ಖಾಲಿ ಇದೆ. ಕಾಯಂ ಕೆಲಸ. ತಿಂಗಳ ಕೊನೆಯವರೆಗೆ ಇವಳಿಗಾಗಿ ಹಿಡಿದಿಟ್ಟಿರುತ್ತಾರೆ.

"ದುಪ್ಪಟಿ ನಾಲ್ಕು ಮಡಿಕೆ. ಐದಲ್ಲ, ಮೂರೂ ಅಲ್ಲ. ಅಲ್ಲಿ ಸ್ವಂತಬುದ್ಧಿಗೆ ಜಾಗಾನೇ ಇಲ್ಲ ನೋಡು," ಎಂದರು. ಅವರಿಗೆ ಅದು ಹೊಗಳಿಕೆ.

ಅಕ್ಕ ತಂಗಿಯ ತಲೆ ನೇವರಿಸಿ, "ಈ ತಿಂಗಳು ನೋಡೋಣ. ಅಂಗಡಿ ಕೈ ಹಿಡೀಲಿಲ್ಲ ಅಂದ್ರೆ ಇದಕ್ಕೆ ಹೋಗ್ತೀಯ. ಮಾತು ಕೊಡು," ಎಂದಳು. ಅವಳು ಮಾತು ಕೊಟ್ಟಳು. ಅಕ್ಕನಿಗೆ ಇಲ್ಲ ಅನ್ನುವುದು ಅವಳಿಂದಾಗದ ಒಂದೇ ಕೆಲಸ.

ತಿಂಗಳು ಕೊನೆಗೆ ಬಂತು. ಅಂಗಡಿ ಅಲ್ಲಿಗಲ್ಲಿಗೆ ನಡೆಯುತ್ತಿತ್ತು, ಅಷ್ಟೇ. ಒಂದು ಬೆಳಿಗ್ಗೆ ಒಬ್ಬರು ಟೀಚರ್ ಬಂದು ನೀಲಿ ಬ್ಯಾಗೊಂದನ್ನು ಧೊಪ್ಪನೆ ಅವಳ ಮುಂದೆ ಹಾಕಿದರು.

"ಇದು ತಾನಾಗೇ ಬಾಯಿ ಬಿಡುತ್ತಮ್ಮಾ. ನಡೀತಾ ನಡೀತಾ ತೆರ್ಕೊಂಡುಬಿಡುತ್ತೆ. ನಿನ್ನೆ ನನ್ನ ಕನ್ನಡಕ ಎಲ್ಲೋ ಬಿದ್ದುಹೋಯ್ತು. ಇದನ್ನ ಹೊಲಿದ ಮಹಾನುಭಾವ ಯಾರೋ ಸಿಕ್ಲಿ, ಕಿವಿ ಹಿಂಡ್ತೀನಿ."

ಸ್ವಂತಬುದ್ಧಿ ಬ್ಯಾಗನ್ನು ತಿರುಗಿಸಿ ನೋಡಿದಳು. ಜಿಪ್ಪಿನ ತುದಿಯಲ್ಲಿ ಓರೆಯಾಗಿ ಬಿದ್ದ ಗಟ್ಟಿ ಹೊಲಿಗೆ. ಎಡಗೈಯವರು ಹೊಲಿದರೆ ಮಾತ್ರ ಹಾಗೆ ಬೀಳುವುದು. ಹೊಲಿಗೆ ತನ್ನದೇ.

ಪೇಪರ್ ತುರುಕಿ, ಬ್ಯಾಗ್ ಹೆಗಲಿಗೆ ಹಾಕಿ ಮೆಟ್ಟಿಲು ಹತ್ತಿದಳು. ಜಿಪ್ ಮುಚ್ಚಿದಾಗ ರನ್ನರ್ ಬೆನ್ನಿನ ಕಡೆ ಬಂದು ನಿಂತಿತ್ತು. ಕೈ ಬೀಸಿದ ಹಾಗೆಲ್ಲ ಮೊಣಕೈ ಅದಕ್ಕೆ ತಾಗಿತು, ಚೂರುಚೂರೇ ಮುಂದಕ್ಕೆ ತಳ್ಳಿತು. ಎರಡನೇ ಅಂತಸ್ತಿಗೆ ಬರುವಷ್ಟರಲ್ಲಿ ಬ್ಯಾಗ್ ಬಾಯಿ ತೆರೆದು, ಪೇಪರ್ ಉಂಡೆಗಳು ಒಂದರ ಹಿಂದೊಂದು ಮೆಟ್ಟಿಲಿಳಿದು ಟೀಚರ ಕಾಲ ಬುಡಕ್ಕೆ ಹೋಗಿ ಬಿದ್ದವು.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಡಿಲಲ್ಲಿಟ್ಟು ನೋಡಿದ್ದಳು, ಹಾಕಿಕೊಂಡು ನಡೆದಿರಲಿಲ್ಲ. ಹಾಗಾದರೆ ಸೂಪರ್‌ವೈಸರ್ ಹೇಳಿದ್ದೇ ಸರಿ. ಭಾವ ಹೇಳುತ್ತಿದ್ದದ್ದೂ ಸರಿಯೇನೋ. ನಾಲ್ಕು ಮಡಿಕೆಯ ದುಪ್ಪಟಿಗಳು ಕಣ್ಣ ಮುಂದೆ ಬಂದವು. ಮಡಿಸುವುದು, ಇಡುವುದು. ಯಾರ ಕನ್ನಡಕವೂ ಬೀಳುವುದಿಲ್ಲ.

"ಏನಮ್ಮಾ, ಆಗೋದಿಲ್ವಾ?" ಕೆಳಗಿನಿಂದ ಟೀಚರ್ ಕೂಗಿದರು.

ಅವಳು ಇಳಿದು ಬಂದಳು. "ಆಗುತ್ತೆ ಟೀಚರ್. ಕೂತ್ಕೊಳ್ಳಿ. ದುಡ್ಡು ಬೇಡ."

"ಯಾಕೆ ಬೇಡ?"

"ಕಿವಿ ಹಿಂಡ್ತೀನಿ ಅಂದ್ರಲ್ಲ, ಆ ಮಹಾನುಭಾವ ನಾನೇ."

ಟೀಚರ್ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು, ಕನ್ನಡಕ ಇಲ್ಲವಲ್ಲ. ಆಮೇಲೆ ಗೊಳ್ಳೆಂದು ನಕ್ಕುಬಿಟ್ಟರು. ಇವಳು ಹೊಲಿಗೆ ಬಿಚ್ಚಿದಳು, ಜಿಪ್ ತಿರುಗಿಸಿದಳು, ಹೊಲಿದಳು, ಮತ್ತೆ ಮೆಟ್ಟಿಲು ಹತ್ತಿ ಇಳಿದಳು. ಒಂದು ಉಂಡೆಯೂ ಬೀಳಲಿಲ್ಲ. ಹಾಗೆ ಇಳಿದು ಬರುವಾಗ ಅವಳಿಗೆ ಒಂದು ವಿಚಿತ್ರ ಅನ್ನಿಸಿತು. ಇಷ್ಟು ದೊಡ್ಡ ತಪ್ಪು ಸಿಕ್ಕಿಬಿದ್ದರೂ ಅವಮಾನ ಆಗುತ್ತಿಲ್ಲ, ಹಸಿವಾಗುತ್ತಿದೆ. ಉಳಿದ ಬ್ಯಾಗುಗಳೆಲ್ಲ ಎಲ್ಲಿವೆಯೋ ಎಂಬ ಯೋಚನೆ ತಲೆಯಲ್ಲಿ ಹೊಕ್ಕು ಕೂತಿತ್ತು.

ಅವತ್ತೇ 'ಜಿಪ್ ರಿಪೇರಿ' ಫಲಕದ ಕೆಳಗೆ ಇನ್ನೊಂದು ರಟ್ಟು ತೂಗಿತು. 'ನೀಲಿ ಬ್ಯಾಗ್ ತಾನಾಗಿ ತೆರೆದುಕೊಳ್ಳುತ್ತಿದೆಯೇ? ಹೊಲಿದವಳು ನಾನೇ. ತನ್ನಿ, ಪುಕ್ಕಟೆ ಸರಿಮಾಡಿಕೊಡುತ್ತೇನೆ.'

ಟೀಚರ ಬಾಯಿಗೆ ಸುದ್ದಿ ಸಿಕ್ಕರೆ ಕೇಳಬೇಕೇ? ಶಾಲೆಗೆ ಗೊತ್ತಾಯಿತು, ಶಾಲೆಯಿಂದ ಬೀದಿಗೆ. ಜನ ಬಂದರು. ಕೆಲವರು ಬೈಯಲೆಂದೇ ಬಂದರು, ಬೈದು ಕೂತರು. ಪುಕ್ಕಟೆ ರಿಪೇರಿಯ ಬ್ಯಾಗಿನ ಜೊತೆ ಮನೆಯಲ್ಲಿ ಕೆಟ್ಟು ಬಿದ್ದಿದ್ದ ಸೂಟ್‌ಕೇಸು, ಜಾಕೆಟ್ಟು, ದಿಂಬಿನ ಗವಸನ್ನೂ ತಂದರು. ತಪ್ಪನ್ನು ತಾನೇ ಒಪ್ಪಿಕೊಂಡು ಫಲಕ ಹಾಕುವವಳು ಬೇರೆ ಕೆಲಸದಲ್ಲಿ ಮೋಸ ಮಾಡಲಾರಳು ಎಂದು ಅವರ ಲೆಕ್ಕ.

ಸಾಲಿನಲ್ಲಿ ಒಬ್ಬರು ಮುಖ ಮರೆಸಿಕೊಂಡು ನಿಂತಿದ್ದರು. ಸೂಪರ್‌ವೈಸರ್! ಅವರ ಹೆಂಡತಿ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದೇ ನೀಲಿ ಬ್ಯಾಗ್ ಕೊಂಡಿದ್ದರು.

"ಅಂತೂ ತಪ್ಪು ಅಂತ ಒಪ್ಕೊಂಡೆ," ಎಂದರು.

"ಒಪ್ಕೊಂಡೆ ಸಾರ್. ಆದ್ರೆ..."

"ಬಂತು ನೋಡು, ಆದ್ರೆ!"

"ಆದ್ರೆ ಒಂದ್ಸಲ ಹಾಕ್ಕೊಂಡು ನಡೆದು ನೋಡು ಅಂದಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲ ಸಾರ್."

ಅವರು ಬ್ಯಾಗನ್ನು ಅವಳ ಮುಂದಕ್ಕೆ ತಳ್ಳಿದರು. "ಯಾವಾಗ ಕೊಡ್ತೀಯ?" ಎಂದಷ್ಟೇ ಕೇಳಿದರು.

ಅತ್ತ ಮನೆಯಲ್ಲಿ ಅಕ್ಕನ ಕೈಗೆ ಡಬ್ಬಿ ಬಂತು. ಭಾರ. ತಂಗಿ ಹಾಸಿಗೆಗೆ ಬಿದ್ದವಳು ಹಾಗೇ ನಿದ್ದೆ ಹೋದಳು. ಮಾರನೇ ದಿನವೂ ಡಬ್ಬಿ ಭಾರ. ಅಕ್ಕನಿಗೆ ಎಲ್ಲ ಅರ್ಥವಾಯಿತು, ಅಂದರೆ ಅರ್ಥವಾಯಿತು ಎಂದುಕೊಂಡಳು. ಅಂಗಡಿಯೂ ಮುಳುಗಿತು, ಹೇಳಲು ನಾಚಿಕೆ ಪಾಪ. ಗಂಡನಿಗೆ, "ನಾಳೆ ಕರ್ಕೊಂಡು ಬರ್ತೀನಿ, ಆ ಕೆಲಸ ಬೇರೆ ಯಾರಿಗೂ ಕೊಡ್ಬೇಡಿ ಅನ್ನಿ," ಎಂದಳು.

ಮರುದಿನ ಮಧ್ಯಾಹ್ನ ತಾನೇ ಡಬ್ಬಿ ಹಿಡಿದು ಆ ಕಟ್ಟಡಕ್ಕೆ ಹೋದಳು. ಬಾಗಿಲಿನ ಹೊರಗಿನವರೆಗೂ ಜನ. ಏನೋ ಅನಾಹುತವಾಗಿದೆ ಎಂದು ಗಾಬರಿಯಿಂದ ನುಗ್ಗಲು ನೋಡಿದಳು. ಸೂಟ್‌ಕೇಸ್ ಹಿಡಿದ ಒಬ್ಬರು ಹೆಂಗಸು ಅಡ್ಡ ನಿಂತರು.

"ಸಾಲಲ್ಲಿ ಬನ್ನಿ. ನಾವೇನು ಇಲ್ಲಿ ಗಾಳಿ ತಿನ್ನೋಕೆ ನಿಂತಿದೀವಾ?"

"ನಾನು ಅವಳ ಅಕ್ಕ ರೀ!"

"ಇಲ್ಲಿ ಎಲ್ರೂ ಅಕ್ಕಂದಿರೇ. ಹಿಂದೆ ಹೋಗಿ."

ಅಕ್ಕ ಸಾಲಿನಲ್ಲಿ ನಿಂತಳು. ನಿಂತಲ್ಲಿಂದ ಮೆಟ್ಟಿಲು ಕಾಣುತ್ತಿತ್ತು. ಹೆಗಲಿಗೊಂದು ಬ್ಯಾಗ್ ಹಾಕಿಕೊಂಡು ತಂಗಿ ದಡದಡ ಹತ್ತಿದಳು, ದಡದಡ ಇಳಿದಳು, ಒಬ್ಬರ ಕೈಗೆ ಬ್ಯಾಗ್ ಕೊಟ್ಟಳು, ಇನ್ನೊಂದು ಎತ್ತಿಕೊಂಡಳು. ಯಾರೂ ಏನು ಮಾಡು ಎಂದು ಹೇಳುತ್ತಿರಲಿಲ್ಲ. ತಂಗಿಯ ಮುಖದಲ್ಲಿ ಅಂಥ ಕಳೆಯನ್ನು ಅಕ್ಕ ಇದುವರೆಗೆ ಕಂಡಿರಲಿಲ್ಲ.

ಕೊನೆಗೂ ಸರದಿ ಬಂತು. ತಂಗಿ ತಲೆ ಎತ್ತದೆ, "ಏನು ಕೆಟ್ಟಿದೆ?" ಎಂದಳು.

"ನಿನ್ನ ತಲೆ ಕೆಟ್ಟಿದೆ. ಬಾಯಿ ತೆಗಿ," ಎಂದು ಅಕ್ಕ ಡಬ್ಬಿ ಬಿಚ್ಚಿ ಒಂದು ತುತ್ತು ಅವಳ ಬಾಯಿಗೆ ತುರುಕಿದಳು. ಸಾಲಿನಲ್ಲಿದ್ದವರು ಗೊಣಗಿದರೂ ಕೇಳಿಸಿಕೊಳ್ಳಲಿಲ್ಲ. ಡಬ್ಬಿ ಖಾಲಿ ಮಾಡಿಸಿಯೇ ಗಂಡನಿಗೆ ಫೋನ್ ಮಾಡಿದಳು. "ರೀ, ಆ ಕೆಲಸ ಬೇರೆಯವರಿಗೆ ಕೊಡೋಕೆ ಹೇಳಿ. ಇವಳಿಗೆ ಇಲ್ಲಿ ಉಣ್ಣೋಕೇ ಪುರುಸೊತ್ತಿಲ್ಲ, ದುಪ್ಪಟಿ ಯಾರು ಮಡಿಸ್ತಾರೆ?"

ಅಂದಿನಿಂದ ಮಧ್ಯಾಹ್ನವೆಲ್ಲ ಅಕ್ಕ ಆ ಗೂಡಿನಲ್ಲೇ. ಗಿರಾಕಿಗಳನ್ನು ಕೂರಿಸುವುದು, ಹೊಲಿಗೆ ಬಿಚ್ಚುವುದು. ಒಂದು ದಿನ ತಂಗಿ ಹೊರಗೆ ಹೋಗಿದ್ದಾಗ ಸುಮ್ಮನೆ ಯಾಕೆ ಕೂರಬೇಕೆಂದು ರನ್ನರ್ ಡಬ್ಬಗಳಿಗೆ ಕೈ ಹಾಕಿದಳು. ಅಳತೆ ಪ್ರಕಾರ ಇದ್ದದ್ದನ್ನು ಬಣ್ಣದ ಪ್ರಕಾರ ಮಾಡಿಟ್ಟಳು. ಕಪ್ಪೆಲ್ಲ ಒಂದು ಕಡೆ, ಬೆಳ್ಳಿಬಣ್ಣದ್ದೆಲ್ಲ ಒಂದು ಕಡೆ. ನೋಡಲು ಕಣ್ಣಿಗೆ ತಂಪು.

ತಂಗಿ ಬಂದಳು. ಡಬ್ಬದ ಮೇಲೆ ಡಬ್ಬ ತೆರೆದಳು. ಬೇಕಾದ ಅಳತೆಯ ಒಂದು ರನ್ನರೂ ಸಿಗಲಿಲ್ಲ.

"ಅಕ್ಕಾ! ಹೇಳಿದಷ್ಟು ಮಾಡು ಅಂತ ಎಷ್ಟು ಸಲ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದಳು. ನೋಡಿ ನೋಡಿ, ಕೆಳಗಿಟ್ಟಿದ್ದ ಖಾಲಿ ಊಟದ ಡಬ್ಬಿಯನ್ನು ಎತ್ತಿಕೊಂಡು ಬಾಗಿಲ ಕಡೆ ಹೊರಟಳು.

"ಎಲ್ಲಿಗೆ ಹೊರಟೆ?"

"ಮನೆಗೆ. ಊಟಕ್ಕೆ ಮುಂಚೆ ಕೆಲಸದಿಂದ ತೆಗೀಬೇಕಿತ್ತು ನೀನು ನನ್ನ. ಈಗ ತೆಗೆದ್ರೆ ತುಂಬಿದ ಡಬ್ಬಿ ಎಲ್ಲಿಂದ ತರ್ಲಿ?"